ಮಿಗ್-15ಗೆ ಎಷ್ಟೇ ಸಿಲ್ವರ್ ಹೊಡೆದರೂ ಆಟಿಕೆ ಥರ ಕಾಣುತ್ತದೆ, ಯಾಕೆ?

ಪ್ರಶ್ನೆ: 1/72 ಅಳತೆಯ ಮಿಗ್-15 (ಸೋವಿಯತ್ ಜೆಟ್ ಯುದ್ಧವಿಮಾನ) ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಿ, ಸಿಲ್ವರ್ ಪೇಂಟನ್ನು ಬ್ರಷ್‌ನಲ್ಲಿ ಎರಡು ಸಲ ಹಚ್ಚಿದೆ. ಲೋಹದ ಹಾಗೆ ಕಾಣೋದೇ ಇಲ್ಲ, ಬೂದು ಬಣ್ಣದ ಪ್ಲಾಸ್ಟಿಕ್ ಆಟಿಕೆ ಅನ್ನಿಸುತ್ತದೆ. ಬೇರೆ ಕಂಪನಿ ಪೇಂಟ್ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಬಾಟಲಿಯದ್ದಲ್ಲ, ಕೆಳಗಿನ ಪ್ಲಾಸ್ಟಿಕ್‌ನದ್ದು.

ಸಿಲ್ವರ್ ಪೇಂಟ್ ಅಂದರೆ ದ್ರವದಲ್ಲಿ ತೇಲುವ ಸಣ್ಣ ಸಣ್ಣ ಲೋಹದ ಚೂರುಗಳು. ಅವೆಲ್ಲ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಮಲಗಿದರೆ ಮಾತ್ರ ಹೊಳಪು ಬರುತ್ತದೆ. ಬ್ರಷ್ ಎಳೆದಾಗ ಅವು ಎಳೆದ ದಿಕ್ಕಿಗೇ ಸಾಲಾಗಿ ನಿಂತು ಗೆರೆಗಳು ಕಾಣುತ್ತವೆ. ಕೆಳಗೆ ಗೀರು ಇದ್ದರಂತೂ ಮುಗಿಯಿತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ: 1/72ರಲ್ಲಿ 0.1 ಮಿ.ಮೀ. ಅಗಲದ ಗೀರು ಅಂದರೆ ನಿಜವಾದ ವಿಮಾನದ ಮೈಮೇಲೆ 7 ಮಿ.ಮೀ. ಅಗಲದ ಕಾಲುವೆ! ಹಸಿರು ಕ್ಯಾಮೊಫ್ಲಾಜ್ ಅದನ್ನು ಮುಚ್ಚಿಬಿಡುತ್ತದೆ, ಸಿಲ್ವರ್ ಎತ್ತಿ ತೋರಿಸುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಮಿಗ್-15ರ ಕಾಲದ ಜೆಟ್‌ಗಳೆಲ್ಲ ಬೆಳ್ಳಿಯ ಹಾಗೆ ಕಾಣುತ್ತವೆ ಅಂತ ಎಲ್ಲವೂ ಬರಿ ಲೋಹವಲ್ಲ. ಬ್ರಿಟಿಷ್ ವಾಯುಪಡೆಯ ಬೆಳ್ಳಿ ಬಣ್ಣದ ಮೀಟಿಯರ್, ವ್ಯಾಂಪೈರ್‌ಗಳಿಗೆ ನಿಜವಾಗಿಯೂ ಸಿಲ್ವರ್ ಪೇಂಟನ್ನೇ ಹೊಡೆಯುತ್ತಿದ್ದರು, ಹಾಗಾಗಿ ಅವುಗಳ ಮಾಡೆಲ್‌ಗೆ ಒಂದೇ ಸಮನಾದ ಸಿಲ್ವರ್ ಸಾಕು. ಅಮೆರಿಕದ ಪಿ-80ಯ ಮೊದಮೊದಲ ವಿಮಾನಗಳಿಗೆ ಮೈ ನುಣುಪಾಗಲಿ ಅಂತ ತೆಳು ಬೂದು ಬಣ್ಣ ಇತ್ತು. ಕೊರಿಯಾ ಯುದ್ಧದ ಎಫ್-86 ಸೇಬರ್ ಬರಿ ಲೋಹ. ನಿಮ್ಮ ಮಿಗ್-15 ಸಿಲ್ವರ್ ಪೇಂಟ್ ಮತ್ತು ಬರಿ ಲೋಹ ಇವೆರಡರ ನಡುವಿನದು: ಅಲ್ಯೂಮಿನಿಯಂ ಮೈ, ಅದರ ಮೇಲೆ ಪಾರದರ್ಶಕ ಲ್ಯಾಕರ್. ಅಂದರೆ ಅದಕ್ಕೆ ಕನ್ನಡಿ ಹೊಳಪು ಬೇಕಾಗಿಯೇ ಇಲ್ಲ. ಡಬ್ಬಿ ಮೇಲಿನ ಚಿತ್ರವನ್ನು ಜಾಸ್ತಿ ನಂಬಬೇಡಿ, ನೀವು ಮಾಡುತ್ತಿರುವ ವಿಮಾನದ ಫೋಟೊ ಹುಡುಕಿ.

ಈಗ ಕೆಲಸ. ಹಚ್ಚಿರುವುದು ಅಕ್ರಿಲಿಕ್ ಆದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ, ಸಾಮಾನ್ಯವಾಗಿ ಬಿಡುತ್ತದೆ. ಎನಾಮೆಲ್ ಆದರೆ ತೆಗೆಯುವ ಹಟ ಬೇಡ, ಚೆನ್ನಾಗಿ ಒಣಗಿಸಿ ಅದರ ಮೇಲೇ ಸ್ಯಾಂಡ್ ಮಾಡಿ. ಲ್ಯಾಕರ್ ಥಿನ್ನರ್ ಮಾತ್ರ ಮುಟ್ಟಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಮೈಯ ಎರಡು ಅರ್ಧ ಸೇರುವ ಬೆನ್ನಿನ ಗೆರೆ, ರೆಕ್ಕೆ ಮೈಗೆ ಕೂಡುವ ಮೂಲೆ, ಮೂತಿಯ ಗಾಳಿ ಬಾಯಿಯ ಸುತ್ತ, ಈ ಮೂರು ಜಾಗ ಸರಿ ಹೋದರೆ ಅರ್ಧ ಗೆದ್ದಂತೆ. ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ವಲ್ಪ ನೀರು ಹಾಕಿಕೊಂಡು 600, 1000, 2000 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಒಂದೇ ನಂಬರಲ್ಲಿ ಗಂಟೆಗಟ್ಟಲೆ ಉಜ್ಜಿದರೆ ಏನೂ ಬರಲ್ಲ, ಪ್ರತಿ ನಂಬರಿನ ಕೆಲಸ ಹಿಂದಿನದು ಬಿಟ್ಟ ಗೀರು ಅಳಿಸುವುದು ಅಷ್ಟೇ. ರೆಕ್ಕೆ ಮೇಲೆ ನಿಂತಿರುವ ತೆಳು ಬೇಲಿಗಳಿವೆಯಲ್ಲ, ಒಂದೊಂದು ರೆಕ್ಕೆಗೆ ಎರಡೆರಡು, ಅವುಗಳ ಬುಡದಲ್ಲಿ ಬೆರಳು ಹೋಗಲ್ಲ. ಅಲ್ಲಿಗೆ ಸ್ಯಾಂಡ್‌ಪೇಪರ್ ತುಂಡನ್ನು ಟೂತ್‌ಪಿಕ್ ತುದಿಗೆ ಅಂಟಿಸಿಕೊಳ್ಳಿ.

ಆಮೇಲೆ ಹೊಳೆಯುವ ಕಪ್ಪು. ಹೌದು, ಸಿಲ್ವರ್‌ಗೆ ಮೊದಲು ಕಪ್ಪು. ಈ ಗ್ಲಾಸ್ (ಅಂದರೆ ಹೊಳೆಯುವ) ಕಪ್ಪಿನ ಮೇಲೆ ಆಲ್‌ಕ್ಲಾಡ್ ಬ್ರ್ಯಾಂಡಿನ ಥರದ ಲೋಹದ ಲ್ಯಾಕರ್ ಆಳವಾದ ಹೊಳಪು ಕೊಡುತ್ತದೆ, ಬೂದು ಪ್ರೈಮರ್ ಮೇಲೆ ಅದೇ ಬಾಟಲಿ ಮಂಕಾಗುತ್ತದೆ. ಮಿಗ್‌ಗೆ ಕಡು ಬೂದು ಗ್ಲಾಸ್ ಕೂಡ ನಡೆಯುತ್ತದೆ, ನನಗಂತೂ ಅದೇ ಇಷ್ಟ. ಈ ಕಪ್ಪು ಪದರವೇ ನಿಮ್ಮ ಪರೀಕ್ಷಕ: ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಉಳಿದ ಗೀರೆಲ್ಲ ಎದ್ದು ಕಾಣುತ್ತದೆ. ಇಲ್ಲೇ ತಿದ್ದಿಕೊಳ್ಳಿ, ಸಿಲ್ವರ್ ಬಿದ್ದ ಮೇಲೆ ತಿದ್ದುವುದು ಸಿಕ್ಕಾಪಟ್ಟೆ ತಲೆನೋವು.

ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಪೇಂಟ್ ಚಿಮ್ಮಿಸುವ ಸಣ್ಣ ಸಾಧನ) ಇದ್ದರೆ 12ರಿಂದ 15 ಪಿಎಸ್‌ಐ ಒತ್ತಡದಲ್ಲಿ ಹತ್ತಿರ ಹಿಡಿದು ಮಂಜು ಬಿದ್ದ ಹಾಗೆ ತೆಳುವಾಗಿ ಹೊಡೆಯಿರಿ. ಕಪ್ಪು ಪೂರ್ತಿ ಮುಚ್ಚುವ ಮೊದಲೇ ನಿಲ್ಲಿಸಿದರೂ ಪರವಾಗಿಲ್ಲ. ಏರ್‌ಬ್ರಷ್ ಇಲ್ಲವಾ? ಟಮಿಯಾ ಕಂಪನಿಯ ಎಎಸ್-12 ಸ್ಪ್ರೇ ಕ್ಯಾನ್ ಬರಿ ಲೋಹಕ್ಕೆಂದೇ ಮಾಡಿದ್ದು. ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿ. ಬ್ರಷ್ಷೇ ಗತಿ ಅಂದರೆ ನೀರಿನ ಅಕ್ರಿಲಿಕ್ ಮೆಟಾಲಿಕ್ ತಗೊಂಡು ಅಗಲದ ಮೆತ್ತನೆ ಬ್ರಷ್‌ನಲ್ಲಿ ತೆಳು ಪದರ ಹಚ್ಚಿ, ಒಣಗುತ್ತಿರುವ ಜಾಗಕ್ಕೆ ಮತ್ತೆ ಬ್ರಷ್ ಒಯ್ಯಬೇಡಿ.

ಇಷ್ಟು ಮಾಡಿದ ಮೇಲೂ ಆಟಿಕೆ ಅನ್ನಿಸಿದರೆ ಕಾರಣ ಬಣ್ಣ ಪೂರ್ತಿ ಒಂದೇ ಥರ ಇರುವುದು. ನಿಜವಾದ ವಿಮಾನದಲ್ಲಿ ಒಂದೊಂದು ತಗಡೂ ಬೆಳಕನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ, ಹಿಂದಿನ ಜೆಟ್ ಬಾಯಿಯ ಹತ್ತಿರ ಕಾವಿಗೆ ಕಂದುತ್ತದೆ. ಮಿಗ್-15ರ ಹಿಂಭಾಗವನ್ನು ಎಂಜಿನ್ ತೆಗೆಯಲು ಪೂರ್ತಿ ಬಿಚ್ಚುತ್ತಿದ್ದರು, ಆ ಕೂಡುವ ಗೆರೆ ಮಾಡೆಲ್‌ನಲ್ಲೂ ಸ್ಪಷ್ಟವಾಗಿರಲಿ. ನಾಲ್ಕೈದು ಪ್ಯಾನೆಲ್‌ಗೆ ಸಿಲ್ವರ್‌ನಲ್ಲಿ ಒಂದು ಹನಿ ಕಪ್ಪು ಸೇರಿಸಿ ಹೊಡೆದರೆ ಸಾಕು, ಚದುರಂಗದ ಹಲಗೆ ಮಾಡಬೇಡಿ. ಮಾಸ್ಕಿಂಗ್ ಟೇಪನ್ನು ಮೊದಲು ಅಂಗೈಗೆ ಒಂದೆರಡು ಸಲ ಒತ್ತಿ ಅಂಟು ಕಮ್ಮಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸಿಲ್ವರ್ ಕಿತ್ತು ಬರುತ್ತದೆ.

ಪೇಂಟ್ ಬೇಡವೆಂದರೆ ಪೆನ್ಸಿಲ್ ಸಾಕು. ಸೀಸವನ್ನು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ, ಟೇಪ್ ಕಟ್ಟಿದ ಪ್ಯಾನೆಲ್ ಮೇಲೆ ಕಿವಿ ಹತ್ತಿಕಡ್ಡಿಯಲ್ಲಿ ಒಂದೇ ದಿಕ್ಕಿಗೆ ತೀಡಿ. ಟೇಪ್ ತೆಗೆದಾಗ ಆ ಚೌಕ ಮಾತ್ರ ಒಂದು ಛಾಯೆ ಕಪ್ಪಾಗಿ, ಬೇರೆ ತಗಡಿನ ಹಾಗೆ ಕಾಣುತ್ತದೆ.

ಡೆಕಾಲ್‌ಗಳು (ಚಿಹ್ನೆ, ನಂಬರ್‌ಗಳ ತೆಳು ಅಂಟುಚಿತ್ರಗಳು) ಹೊಳೆಯುವ ಮೈಮೇಲೆ ಚೆನ್ನಾಗಿ ಕೂರುತ್ತವೆ. ಸೇಬರ್ ಆಗಿದ್ದರೆ ಮೇಲೆ ವಾರ್ನಿಶ್ ಬೇಡ ಅನ್ನುತ್ತಿದ್ದೆ, ಅದು ಲೋಹದ ಹೊಳಪನ್ನು ತಿಂದುಹಾಕುತ್ತದೆ. ಮಿಗ್‌ಗೆ ತೆಳು ಸೆಮಿ-ಗ್ಲಾಸ್ (ಅರೆ ಹೊಳಪಿನ) ವಾರ್ನಿಶ್ ಧಾರಾಳವಾಗಿ ಹೊಡೆಯಬಹುದು, ನಿಜವಾದದ್ದರ ಮೇಲೂ ಲ್ಯಾಕರ್ ಇತ್ತಲ್ಲ. ಹೊಳಪಿಲ್ಲದ ಮ್ಯಾಟ್ ಮಾತ್ರ ಬೇಡ, ಮತ್ತೆ ಬೂದು ಪ್ಲಾಸ್ಟಿಕ್ ಆಗಿಬಿಡುತ್ತದೆ.