5.1 ಎಂದು ಬರೆದ ಝೀನರ್ 4.4 ಏಕೆ ತೋರಿಸುತ್ತದೆ?

ಪ್ರಶ್ನೆ: ಕರೆಂಟ್ ಹೋದಾಗ ದೀಪಕ್ಕೆಂದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇಟ್ಟಿದ್ದೇನೆ. 11 ವೋಲ್ಟ್‌ಗೆ ಇಳಿದರೆ ದೀಪ ಆರಬೇಕು ಎಂದು ಲೆಕ್ಕ ಹಾಕಿ ಎಲ್‌ಎಂ358 (ಇಲ್ಲಿ ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಚಿಪ್), ಹೋಲಿಕೆಗೆ ಸ್ಥಿರ ವೋಲ್ಟ್ ಕೊಡಲು 5.1 ಎಂದು ಬರೆದ 1ಎನ್4733ಎ ಝೀನರ್ ಡಯೋಡ್ ಮತ್ತು 10 ಕಿಲೋ ಓಮ್ ರೆಸಿಸ್ಟರ್ ಜೋಡಿಸಿದೆ. ಆದರೆ ದೀಪ ಆರುವುದು 9.5ಕ್ಕೆ. ಆಗ ಝೀನರ್ ಮೇಲೆ 4.4 ವೋಲ್ಟ್ ಇರುತ್ತದೆ. ಡಯೋಡ್ ನಕಲಿಯೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಕಲಿಯಲ್ಲ, ಅದು ಹಸಿದಿದೆ. 1ಎನ್4733ಎ ಒಂದು ವ್ಯಾಟ್‌ನ ಡಯೋಡ್. ಅದರ 5.1 ವೋಲ್ಟ್ ಎಂಬ ಮಾತು 49 ಮಿಲಿಆಂಪಿಯರ್ ಹರಿದಾಗ ಮಾತ್ರ ನಿಜ, ಆಗಲೂ ಶೇ. 5ರಷ್ಟು ಹೆಚ್ಚುಕಡಿಮೆ. ನಿಮ್ಮ 10 ಕಿಲೋ ಓಮ್ ದಾಟಿ ಬರುವುದು ಅರ್ಧ ಮಿಲಿಆಂಪಿಯರ್. ಅಷ್ಟಕ್ಕೆ ಈ ಡಯೋಡ್ ಸರಿಯಾಗಿ ತೆರೆದುಕೊಳ್ಳುವುದೇ ಇಲ್ಲ. 5.1ರ ಜಾಗದಲ್ಲಿ 4.4 ನಿಂತಿದ್ದರಿಂದ ನಿಮ್ಮ 11 ಅದೇ ಪ್ರಮಾಣದಲ್ಲಿ ಕುಗ್ಗಿ 9.5 ಆಯಿತು. ಗಜಕೋಲೇ ಗಿಡ್ಡವಾದರೆ ಬಟ್ಟೆಯ ಲೆಕ್ಕ ತಪ್ಪದೆ ಇರುತ್ತದೆಯೇ?

ಹಾಗೆಂದು 49 ಮಿಲಿಆಂಪಿಯರ್ ಕೊಡಲು ಹೋಗಬೇಡಿ. ದಿನಕ್ಕೆ ಸುಮಾರು 1.2 ಆಂಪಿಯರ್-ಅವರ್ ಝೀನರ್‌ಗೇ ಹೋಗುತ್ತದೆ. ದೀಪ ಹಚ್ಚದಿದ್ದರೂ, ಚಾರ್ಜ್ ಮಾಡದಿದ್ದರೆ ಆರು ದಿನಕ್ಕೆ ಬ್ಯಾಟರಿ ಖಾಲಿ. ಕಾವಲುಗಾರನೇ ಕಣಜ ಬರಿದು ಮಾಡಿದ ಹಾಗೆ.

ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ತಿರುಗಿಸಿ 11ಕ್ಕೆ ತಂದರಾಯಿತು ಎನ್ನುವವರಿದ್ದಾರೆ. ಬರುತ್ತದೆ, ನಿಜ. ಆದರೆ ಇಷ್ಟು ಕಡಿಮೆ ಕರೆಂಟ್‌ನಲ್ಲಿ ಒಂದು ಡಯೋಡಿನಂತೆ ಇನ್ನೊಂದು ಇರುವುದಿಲ್ಲ. ಸುಟ್ಟು ಬದಲಿಸಿದ ದಿನ ಮತ್ತೆ ಮೊದಲಿನಿಂದ ಶುರು. ರೆಫರೆನ್ಸ್, ಅಂದರೆ ಹೋಲಿಕೆಗೆ ಝೀನರ್ ಕೊಡುವ ವೋಲ್ಟ್, 5.1 ಇದ್ದರೂ ಸರಿ, 5.3 ಇದ್ದರೂ ಸರಿ, ಪ್ರಿಸೆಟ್ ಅದನ್ನು ಸರಿದೂಗಿಸುತ್ತದೆ. ರೆಫರೆನ್ಸ್ ಮಾತ್ರ ಇದ್ದಲ್ಲಿ ಇರಬೇಕು, ಅಷ್ಟೇ.

ಆದ್ದರಿಂದ ಕಲಬುರಗಿಯ ಕಡೆ ಹೋದಾಗ ಅರ್ಧ ವ್ಯಾಟ್‌ನ ಬಿಝಡ್‌ಎಕ್ಸ್55ಸಿ5ವಿ6 ಕೇಳಿ. ಅದರ 5.6 ವೋಲ್ಟ್ ಅಳೆದಿರುವುದು ಕೇವಲ 5 ಮಿಲಿಆಂಪಿಯರ್‌ನಲ್ಲಿ. 1.2 ಕಿಲೋ ಓಮ್ ಹಾಕಿದರೆ ಬ್ಯಾಟರಿ 11ರಲ್ಲಿರುವಾಗ 4.5 ಮಿಲಿಆಂಪಿಯರ್ ಸಿಗುತ್ತದೆ.

5.6 ಏಕೆ ಎಂದರೆ, ನಮ್ಮ ಬಿಸಿಲು. ಕಡಿಮೆ ವೋಲ್ಟ್‌ನ ಝೀನರ್ ಕಾದಂತೆ ಇಳಿಯುತ್ತದೆ, ಹೆಚ್ಚು ವೋಲ್ಟ್‌ನದು ಏರುತ್ತದೆ. 5ರಿಂದ 6ರ ನಡುವೆ ಎರಡೂ ಗುಣಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. 12 ವೋಲ್ಟ್‌ನ ಝೀನರ್ ಆದರೆ ಡಿಗ್ರಿಗೆ ಸುಮಾರು 8 ಮಿಲಿವೋಲ್ಟ್ ಸರಿಯುತ್ತದೆ. ಡಿಸೆಂಬರ್‌ನ ನಸುಕಿಗೂ ಮೇ ಮಧ್ಯಾಹ್ನ ತಗಡಿನ ಡಬ್ಬಿಯೊಳಗಿನ ಕಾವಿಗೂ 40 ಡಿಗ್ರಿ ಅಂತರ ಹಿಡಿಯಿರಿ: ವೋಲ್ಟ್‌ನ ಮೂರನೆಯ ಒಂದು ಪಾಲು ಅಲ್ಲೇ ಹೋಯಿತು.

ನಾನಾಗಿದ್ದರೆ ಝೀನರ್ ಬಿಟ್ಟು ಅದೇ ಕೆಲಸದ ಮೂರು ಕಾಲಿನ ರೆಫರೆನ್ಸ್ ಚಿಪ್ ಟಿಎಲ್431 ಹಾಕುತ್ತಿದ್ದೆ. 2.5 ವೋಲ್ಟ್ ಕೊಡುತ್ತದೆ, ಒಂದು ಮಿಲಿಆಂಪಿಯರ್ ಸಿಕ್ಕರೆ ಗಟ್ಟಿಯಾಗಿ ನಿಲ್ಲುತ್ತದೆ, ಬೆಲೆಯೂ ಹೆಚ್ಚಲ್ಲ.

ಅಂದಹಾಗೆ, 9.5ಕ್ಕೆ ಇಳಿದ ಆ ಬ್ಯಾಟರಿಯನ್ನು ಇಂದೇ ಚಾರ್ಜ್‌ಗೆ ಹಾಕಿ. ಸೀಸದ ಬ್ಯಾಟರಿಯಾದರೆ ಖಾಲಿ ಬಿಟ್ಟಷ್ಟು ದಿನ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ.