ಕೈಯಿಂದ ಓಡಿಸಿದರೆ ಸರಿ, ರಾತ್ರಿ ತಾನಾಗಿ ಓಡದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಸಂಘಗಳಿರಲಿ, ಹಾಲಿನ ಡೇರಿಗಳಿರಲಿ, ದಿನದ ಅರ್ಧ ಕೆಲಸ ಈಗ ಬಾಗಿಲು ಹಾಕಿದ ಮೇಲೆ ನಡೆಯುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡವಾಗಿ ಬಂದ ಅಡಿಕೆಯ ಲೆಕ್ಕ ಮುಗಿಸುವುದು, ಸದಸ್ಯರ ಖಾತೆಗೆ ಬಡ್ಡಿ ಹಾಕುವುದು, ಇಡೀ ಡೇಟಾಬೇಸಿನ ಬ್ಯಾಕಪ್ ತೆಗೆಯುವುದು, ಇವನ್ನೆಲ್ಲ ಒಂದು ಸ್ಕ್ರಿಪ್ಟ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಕೊಡುವ ಕಮಾಂಡ್‌ಗಳ ಪಟ್ಟಿಯಲ್ಲಿ, ಬರೆದಿಟ್ಟು ರಾತ್ರಿ ಇಂಥ ಹೊತ್ತಿಗೆ ಓಡು ಎಂದು ಸರ್ವರ್‌ಗೆ ಹೇಳಿರುತ್ತಾರೆ. ಒಂದು ದಿನ ಅದು ಓಡಿರುವುದಿಲ್ಲ. ಬೆಳಿಗ್ಗೆ ಬಂದವರು ಅದೇ ಸ್ಕ್ರಿಪ್ಟನ್ನು ಕೈಯಿಂದ ಓಡಿಸಿ ನೋಡುತ್ತಾರೆ, ಸಲೀಸಾಗಿ ಓಡುತ್ತದೆ. ಹಾಗಾದರೆ ಸ್ಕ್ರಿಪ್ಟ್ ಸರಿಯಿದೆ ಎಂದುಕೊಂಡು ಸರ್ವರ್ ರೀಸ್ಟಾರ್ಟ್ ಮಾಡಿ ಸುಮ್ಮನಾಗುತ್ತಾರೆ. ಎಡವುವುದು ಇಲ್ಲೇ. ಹಗಲು ನಾವು ಓಡಿಸುವಾಗ ಇರುವ ಬಳಕೆದಾರ, ಫೋಲ್ಡರು, ಭಾಷೆ, ಗಡಿಯಾರ, ಕೊನೆಗೆ ಕರೆಂಟು, ಇವು ಯಾವುವೂ ರಾತ್ರಿ ಹಾಗೇ ಇರುತ್ತವೆ ಎನ್ನುವಂತಿಲ್ಲ.

ಮೊದಲು ಗೊತ್ತಾಗಬೇಕಾದದ್ದು, ಕೆಲಸ ಶುರುವೇ ಆಗಲಿಲ್ಲವೋ ಅಥವಾ ಶುರುವಾಗಿ ನಡುವೆ ನಿಂತಿತೋ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಲಿನಕ್ಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವ ಕ್ರಾನ್, ಪ್ರತಿ ಸಲ ಕೆಲಸ ಶುರುಮಾಡಿದಾಗ ಸಿಸ್ಟಂ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಿಸ್ಟರಿ ಎಂಬ ಪುಟವಿದೆ, ಆದರೆ ಸಾಮಾನ್ಯವಾಗಿ ಅದನ್ನು ನಾವೇ ಆನ್ ಮಾಡಿರಬೇಕು. ಇದನ್ನು ನೋಡದೆ ಸ್ಕ್ರಿಪ್ಟ್ ತಿದ್ದಲು ಕೂರಬಾರದು.

ಶುರುವೇ ಆಗದಿರುವುದಕ್ಕೆ ಮಲೆನಾಡಿನ ಮಳೆಗಾಲದಲ್ಲಿ ಒಂದು ಕಾರಣ ಹೆಚ್ಚಾಗಿ ಕಾಣುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದ ಗಾಳಿಗೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೆಂದೇ ಯುಪಿಎಸ್ ಹಾಕಿಸಿರುತ್ತಾರೆ. ಅದನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದೇ ಗುರುತಿಸುತ್ತದೆ. ಇತ್ತ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೇರಿಸಿದಾಗ ಕಂಡಿಷನ್ಸ್ ಪುಟದಲ್ಲಿ "ಎಸಿ ಪವರ್ ಇದ್ದರೆ ಮಾತ್ರ ಶುರುಮಾಡು" ಎಂಬುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜ್ ಉಳಿಸಲು ಮಾಡಿದ ಏರ್ಪಾಡು ಅದು. ಹೀಗಾಗಿ ಕರೆಂಟ್ ಹೋದ ರಾತ್ರಿ ಯುಪಿಎಸ್ ಮೇಲೆ ಸರ್ವರ್ ಎಚ್ಚರವಾಗಿಯೇ ಇರುತ್ತದೆ, ಬ್ಯಾಕಪ್ ಮಾತ್ರ ಶುರುವಾಗುವುದಿಲ್ಲ. ಬ್ಯಾಕಪ್ ಅತಿ ಹೆಚ್ಚು ಬೇಕಾಗುವುದು ಅಂಥ ರಾತ್ರಿಯ ಮಾರನೆ ದಿನವೇ! ಆ ಟಿಕ್ ತೆಗೆಯಬೇಕು. ಜೊತೆಗೆ ಸೆಟ್ಟಿಂಗ್ಸ್ ಪುಟದಲ್ಲಿ, ಹೊತ್ತು ತಪ್ಪಿದರೆ ಆದಷ್ಟು ಬೇಗ ಓಡಿಸು ಎಂಬುದಕ್ಕೆ ಟಿಕ್ ಹಾಕಬೇಕು. ಲಿನಕ್ಸ್‌ನ ಮಾಮೂಲಿ ಕ್ರಾನ್‌ಗೆ ತಪ್ಪಿದ ಕೆಲಸದ ನೆನಪಿರುವುದಿಲ್ಲ. ಆ ನಿಮಿಷಕ್ಕೆ ಯಂತ್ರ ಆಫ್ ಆಗಿದ್ದರೆ ಆ ದಿನದ ಕೆಲಸ ಹೋಯಿತು ಎಂದೇ ಲೆಕ್ಕ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕಿರುವ ಅನಾಕ್ರಾನ್ ಆಗಲಿ, ಪರ್ಸಿಸ್ಟೆಂಟ್ ಆಯ್ಕೆ ಹಾಕಿದ ಸಿಸ್ಟಂಡಿ ಟೈಮರ್ ಆಗಲಿ ಯಂತ್ರ ಎದ್ದ ಮೇಲೆ ಆ ಬಾಕಿ ತೀರಿಸುತ್ತವೆ.

ಶುರುವಾಗಿ ಸತ್ತ ಕೆಲಸದ ಕಥೆ ಬೇರೆ. ಕ್ರಾನ್ ಹಳೆಯದು: ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನ 1979ರ ಏಳನೇ ಆವೃತ್ತಿಯಲ್ಲೇ ಇತ್ತು, ಪ್ರೋಗ್ರಾಮರ್ ಪಾಲ್ ವಿಕ್ಸಿ 1987ರಲ್ಲಿ ಬರೆದ ರೂಪದ ವಂಶವೇ ಇಂದಿಗೂ ಎಷ್ಟೋ ಸರ್ವರ್‌ಗಳಲ್ಲಿದೆ. ನಾವು ಲಾಗಿನ್ ಆದಾಗ ನಮ್ಮ ಪ್ರೊಫೈಲ್ ಕಡತಗಳು ಹತ್ತಾರು ವಿವರಗಳನ್ನು ಸಿದ್ಧಮಾಡಿಕೊಡುತ್ತವೆ. ಕ್ರಾನ್ ಅವುಗಳನ್ನು ಓದುವುದೇ ಇಲ್ಲ. ಕಮಾಂಡ್‌ಗಳನ್ನು ಹುಡುಕಲು ಅದು ಕೊಡುವುದು ಸಾಮಾನ್ಯವಾಗಿ ಎರಡೇ ಫೋಲ್ಡರು. ಡೇಟಾಬೇಸಿನ ಪ್ರತಿ ತೆಗೆಯುವ ಕಮಾಂಡ್ ಬೇರೆಡೆ ಇನ್‌ಸ್ಟಾಲ್ ಆಗಿದ್ದರೆ ಅದು ಸಿಗುವುದಿಲ್ಲ. ಮುಂದೆ ಆಗುವುದು ಇನ್ನೂ ಅಪಾಯದ್ದು. ಆ ಕಮಾಂಡಿನ ಫಲವನ್ನು ಪೈಪ್ ಮೂಲಕ, ಅಂದರೆ ನೇರವಾಗಿ ಹರಿಸಿ, ಕಡತವನ್ನು ಅದುಮಿ ಚಿಕ್ಕದು ಮಾಡುವ ಜಿಜಿಪ್‌ಗೆ ಕೊಟ್ಟು ಕಡತ ಮಾಡುವುದು ವಾಡಿಕೆ. ಮೊದಲ ಕಮಾಂಡ್ ಸತ್ತರೂ ಜಿಜಿಪ್ ತನಗೆ ಬಂದ ಖಾಲಿಯನ್ನೇ ಶ್ರದ್ಧೆಯಿಂದ ಅದುಮಿ 20 ಬೈಟ್‌ನ ಕಡತವೊಂದನ್ನು ಇಡುತ್ತದೆ. ಕಮಾಂಡ್‌ಗಳನ್ನು ಓಡಿಸುವ ಶೆಲ್ ನೋಡುವುದು ಪೈಪಿನ ಕೊನೆಯ ಕಮಾಂಡ್ ಗೆದ್ದಿತೋ ಇಲ್ಲವೋ ಎಂದು ಮಾತ್ರ, ಹಾಗಾಗಿ ಕೆಲಸ ಯಶಸ್ವಿ ಎಂದೇ ದಾಖಲಾಗುತ್ತದೆ. ಫೋಲ್ಡರ್ ತೆರೆದರೆ ದಿನಕ್ಕೊಂದರಂತೆ ಸಾಲಾಗಿ ಕಡತಗಳಿವೆ, ತಾರೀಖೂ ಸರಿಯಿದೆ. ಗಾತ್ರದ ಕಾಲಂ ನೋಡಿದವರಿಗೆ ಮಾತ್ರ ಸತ್ಯ ಗೊತ್ತು. ಸ್ಕ್ರಿಪ್ಟಿನೊಳಗೆ ಪ್ರತಿ ಕಮಾಂಡಿಗೂ ಪೂರ್ತಿ ವಿಳಾಸ ಬರೆದು, ಬ್ಯಾಷ್ ಎಂಬ ಶೆಲ್‌ನಲ್ಲಿ, ಪೈಪಿನ ಯಾವ ಕಮಾಂಡ್ ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಆಯ್ಕೆ ಹಾಕಿದರೆ ಇದು ತಪ್ಪುತ್ತದೆ.

ವಿಂಡೋಸ್‌ನಲ್ಲಿ ಇದೇ ತೊಂದರೆಗೆ ಬೇರೆ ವೇಷ. ಯಾವ ಫೋಲ್ಡರಿನಿಂದ ಶುರುವಾಗಬೇಕೆಂದು ಹೇಳುವ "ಸ್ಟಾರ್ಟ್ ಇನ್" ಜಾಗವನ್ನು ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಸಿಸ್ಟಂ32 ಫೋಲ್ಡರಿನಲ್ಲಿ ನಿಂತು ತನ್ನ ಕಡತಗಳನ್ನು ಹುಡುಕುತ್ತದೆ. ನೆಟ್‌ವರ್ಕಿನ ಇನ್ನೊಂದು ಯಂತ್ರದಿಂದ ಜೋಡಿಸಿಕೊಂಡ, ಹಗಲು ಕಾಣುವ ಜೆಡ್ ಡ್ರೈವ್ ಯಾರೂ ಲಾಗಿನ್ ಆಗಿರದ ರಾತ್ರಿ ಇರುವುದೇ ಇಲ್ಲ.

ಕನ್ನಡದಲ್ಲಿ ಲೆಕ್ಕ ಇಡುವ ನಮಗೆ ಇನ್ನೊಂದು ತೊಡಕಿದೆ. ಸದಸ್ಯರ ಹೆಸರುಗಳು ಕನ್ನಡದಲ್ಲಿರುತ್ತವೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್. ಕಮಾಂಡ್ ಟೈಪ್ ಮಾಡುವ ನಮ್ಮ ಟರ್ಮಿನಲ್‌ನಲ್ಲಿ ಭಾಷೆಯ ಸೆಟ್ಟಿಂಗ್ ಇರುವುದರಿಂದ ಎಲ್ಲ ಸರಿಯಾಗಿ ಮೂಡುತ್ತದೆ. ಕ್ರಾನ್‌ನಲ್ಲಿ ಎಷ್ಟೋ ಕಡೆ ಆ ಸೆಟ್ಟಿಂಗ್ ಇರುವುದಿಲ್ಲ. ಆಗ ಸ್ಕ್ರಿಪ್ಟ್ ಬರೆಯುವ ಪೈಥಾನ್ ಭಾಷೆಯ ಹಳೆಯ ಆವೃತ್ತಿ, ಇಂಗ್ಲಿಷಿಗಷ್ಟೇ ಸಾಲುವ 128 ಚಿಹ್ನೆಗಳ ಆಸ್ಕಿಯನ್ನಷ್ಟೇ ನಂಬಿ, ಮೊದಲ ಕನ್ನಡ ಹೆಸರು ಮುದ್ರಿಸಬೇಕಾದಲ್ಲೇ ದೋಷ ತೋರಿಸಿ ನಿಲ್ಲುತ್ತದೆ. 2018ರ ಪೈಥಾನ್ 3.7ರಿಂದ ಇದು ಬಹುಮಟ್ಟಿಗೆ ಸರಿಹೋಗಿದೆ, ಆದರೆ ಹಳೆಯ ಸರ್ವರ್‌ಗಳು ಇನ್ನೂ ಇವೆ. ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಹೆಸರು ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಒಪ್ಪಬೇಡಿ, ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬಿನ ತಲೆಯಲ್ಲಿ ಭಾಷೆಯನ್ನು ಯುಟಿಎಫ್-8 ಎಂದು ಒಂದು ಸಾಲು ಬರೆದರೆ ಸಾಕು.

ಹೊತ್ತಿನ ವಿಷಯ. ಬಾಡಿಗೆಯ ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ರಾತ್ರಿ 2ಕ್ಕೆ ಎಂದು ಬರೆದದ್ದು ನಮ್ಮ ಬೆಳಿಗ್ಗೆ 7.30ಕ್ಕೆ ಓಡುತ್ತದೆ. ಡೇರಿಯಲ್ಲಿ ಜನ ಕ್ಯಾನು ಹಿಡಿದು ನಿಂತ ಹೊತ್ತು ಅದು, ಡೇಟಾಬೇಸಿಗೂ ಕೈತುಂಬ ಕೆಲಸ. ಇನ್ನು ನಮ್ಮ ನಡುರಾತ್ರಿಯಿಂದ 5.30ರವರೆಗೆ ಅಲ್ಲಿ ಇನ್ನೂ ನಿನ್ನೆಯ ತಾರೀಖು. ಬ್ಯಾಕಪ್ ಕಡತಕ್ಕೆ ತಾರೀಖಿನ ಹೆಸರಿಟ್ಟರೆ ಗೊಂದಲ ಅಲ್ಲಿಂದಲೇ ಶುರು.

ಎರಡನೇ ಶನಿವಾರದ ಕೆಲಸವೂ ಹೀಗೇ ಕೈಕೊಡುತ್ತದೆ. ಎರಡನೇ ಶನಿವಾರ ಬರುವುದು 8ರಿಂದ 14ನೇ ತಾರೀಖಿನೊಳಗೆ ಎಂದು ಲೆಕ್ಕಹಾಕಿ ಕ್ರಾನ್‌ನ ತಾರೀಖಿನ ಜಾಗದಲ್ಲಿ 8-14, ವಾರದ ಜಾಗದಲ್ಲಿ ಶನಿವಾರಕ್ಕೆ 6 ಬರೆಯುತ್ತಾರೆ. ಆ ಎರಡೂ ಜಾಗ ತುಂಬಿದ್ದರೆ ಕ್ರಾನ್ ಯಾವುದಾದರೂ ಒಂದು ಹೊಂದಿದರೆ ಸಾಕೆನ್ನುತ್ತದೆ. 8ರಿಂದ 14ರವರೆಗೆ ದಿನವೂ, ಅದರ ಮೇಲೆ ಎಲ್ಲ ಶನಿವಾರವೂ ಕೆಲಸ ನಡೆಯುತ್ತದೆ. ತಾರೀಖನ್ನು ಕ್ರಾನ್‌ಗೆ ಬಿಟ್ಟು, ಶನಿವಾರ ಹೌದೋ ಅಲ್ಲವೋ ಎಂದು ಸ್ಕ್ರಿಪ್ಟಿನೊಳಗೇ ಪರೀಕ್ಷಿಸಬೇಕು. ಆ ಪರೀಕ್ಷೆಯನ್ನು ಕ್ರಾನ್ ಸಾಲಿನಲ್ಲೇ ಬರೆದರೆ, ವಾರ ಕೇಳುವ ಕಮಾಂಡಿನಲ್ಲಿ ಬರುವ % ಚಿಹ್ನೆ ಕಾಡುತ್ತದೆ: ಹಿಂದೊಂದು ಬ್ಯಾಕ್‌ಸ್ಲ್ಯಾಶ್ ಇಲ್ಲದಿದ್ದರೆ ಕ್ರಾನ್ ಅಲ್ಲಿಗೇ ಕಮಾಂಡ್ ಮುಗಿಯಿತೆಂದು ತಿಳಿಯುತ್ತದೆ.

ಇಷ್ಟೆಲ್ಲ ತಪ್ಪುಗಳು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುವುದೇ ನನಗೆ ಹೆಚ್ಚು ಚಿಂತೆಯ ವಿಷಯ. ಕ್ರಾನ್ ತನ್ನ ಕೆಲಸದ ಮಾತನ್ನೆಲ್ಲ ಮೇಲ್ ಮಾಡಬೇಕೆನ್ನುತ್ತದೆ. ಸರ್ವರ್‌ನಲ್ಲಿ ಮೇಲ್ ಕಳಿಸುವ ಸಾಫ್ಟ್‌ವೇರ್ ಇಲ್ಲದಿದ್ದರೆ ಅದನ್ನು ಎಸೆದುಬಿಡುತ್ತದೆ, ದೋಷದ ಸಂದೇಶವೂ ಸೇರಿ. ಸ್ಕ್ರಿಪ್ಟಿನ ಮಾತನ್ನು ಒಂದು ಲಾಗ್ ಕಡತಕ್ಕೆ ತಿರುಗಿಸಿಡುವುದು ಮೊದಲ ಹೆಜ್ಜೆ. ಸೋತಾಗ ಮಾತ್ರ ಸುದ್ದಿ ಕಳಿಸು ಎಂದರೆ ಸಾಲದು, ಶುರುವೇ ಆಗದ ಸ್ಕ್ರಿಪ್ಟ್ ಏನನ್ನೂ ಕಳಿಸಲಾರದು. ಬ್ಯಾಕಪ್‌ನ ಗಾತ್ರ ನೋಡಿದ ಮೇಲೆ, ಕೊನೆಯ ಸಾಲಿನಲ್ಲಿ "ಮುಗಿಯಿತು" ಎಂದು ಬೇರೆ ಊರಿನ ಇನ್ನೊಂದು ಯಂತ್ರಕ್ಕೆ ಸುದ್ದಿ ಹೋಗಲಿ. ಬೆಳಿಗ್ಗೆ 6ರೊಳಗೆ ಸುದ್ದಿ ಬರದಿದ್ದರೆ ಆ ಯಂತ್ರ ಯಾರದಾದರೂ ಫೋನಿಗೆ ಸಂದೇಶ ಕಳಿಸಲಿ. ಮಳೆಗೆ ಇಂಟರ್ನೆಟ್ ಹೋದ ದಿನವೂ ಸಂದೇಶ ಬರುತ್ತದೆ, ಬರಲಿ. ಸಂಘದ ಬಾಗಿಲು ತೆರೆಯುವ ಮೊದಲು ಒಬ್ಬರು ಹೋಗಿ ಕಡತದ ಗಾತ್ರ ನೋಡಿ ಬಂದರಾಯಿತು.