ಗೊನೆಯೋ, ಕುಡಿಬಳ್ಳಿಯೋ: ಸಾವಯವ ದ್ರಾಕ್ಷಿ ಪಡದ ಎರಡು ಚಾಟ್ನಿಗಳು

ಕಳೆದ ಅಕ್ಟೋಬರ್ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಯುವ ರೈತರೊಬ್ಬರು ನನ್ನನ್ನು ತಮ್ಮ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಕರೆದೊಯ್ದರು. ಎರಡು ಎಕರೆ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ತಳಿ, ಡಾಗ್‌ರಿಡ್ಜ್ ಎಂಬ ಬೇರುತಳಿಯ ಮೇಲೆ ಕಸಿ ಕಟ್ಟಿದ ಗಿಡಗಳು, ಸಾವಯವಕ್ಕೆ ತಿರುಗಿ ಎರಡನೇ ವರ್ಷ. ಚಾಟ್ನಿ, ಅಂದರೆ ಕತ್ತರಿ ಹಾಕಿ ಗಿಡ ಸವರುವ ಕೆಲಸ, ಮುಗಿದು 18 ದಿನಗಳಾಗಿದ್ದವು. ಚಿಗುರು ಸಮನಾಗಿಯೇ ಒಡೆದಿತ್ತು. ಆದರೆ ಗೊನೆ ಕಾಣಬೇಕಾದ ಜಾಗದಲ್ಲೆಲ್ಲ ಸುರುಳಿ ಸುತ್ತುವ ಕುಡಿಬಳ್ಳಿಗಳು. ಕೆಲವು ಕಡೆ ಅರ್ಧ ಗೊನೆ, ಅರ್ಧ ಕುಡಿಬಳ್ಳಿ.

‘ಏನು ಸಿಂಪಡಿಸಲಿ ಸರ್?’ ಎಂದು ಅವರು ಕೇಳಿದರು. ಈಗ ಏನೂ ಮಾಡುವಂತಿಲ್ಲ ಎಂದು ಹೇಳುವಾಗ ನನಗೂ ಸಂಕಟವಾಯಿತು. ಮೇ ತಿಂಗಳಲ್ಲಿ ಪಡ ಹೇಗಿತ್ತು ಎಂದು ವಿಚಾರಿಸಿದೆ. ಕೊಳವೆಬಾವಿಯಲ್ಲಿ ನೀರಿತ್ತು, ಕೋಳಿ ಗೊಬ್ಬರ ಧಾರಾಳವಾಗಿ ಹಾಕಿದ್ದರು, ಚಪ್ಪರ ಹಸಿರಾಗಿ ಮುಚ್ಚಿಕೊಂಡಿತ್ತು. ನೋಡಿದವರೆಲ್ಲ ‘ಪಡ ಎಂದರೆ ಹೀಗಿರಬೇಕು’ ಎಂದಿದ್ದರಂತೆ. ಆ ದಟ್ಟ ಹಸಿರಿನ ಅಡಿಯಲ್ಲೇ ಅವರ ಫಸಲು ಕೈತಪ್ಪಿತ್ತು.

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಎರಡು ಚಾಟ್ನಿಗಳ ಪದ್ಧತಿ ಗೊತ್ತಿಲ್ಲದೇ ಇಲ್ಲ. ಯುರೋಪಿನಲ್ಲಿ ಚಳಿಗೆ ಎಲೆ ಉದುರಿಸಿ ಮಲಗುವ ಗಿಡ ನಮ್ಮ ಬಿಸಿಲು ನಾಡಿನಲ್ಲಿ ಮಲಗುವುದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಿ, ಒಂದೇ ಫಸಲು ತೆಗೆಯುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ತೆಗೆಯಲು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಏಪ್ರಿಲ್ ಚಾಟ್ನಿಯಾದ 40ರಿಂದ 60 ದಿನಗಳ ನಡುವೆ ಕಡ್ಡಿಯ ಪ್ರತಿ ಕಣ್ಣಿನೊಳಗೆ (ಚಿಗುರು ಒಡೆಯುವ ಮೊಗ್ಗಿನೊಳಗೆ) ಒಂದು ತೀರ್ಮಾನ ನಡೆಯುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ಕಣ್ಣಿನೊಳಗೆ ಹುಟ್ಟುವ ಸೂಕ್ಷ್ಮ ಮೊಳಕೆ ಒಂದೇ. ಬೆಳಕು, ಬಿಸಿ, ಕಡ್ಡಿಯಲ್ಲಿ ಸಂಗ್ರಹವಾದ ಆಹಾರ ಸಾಕಷ್ಟಿದ್ದರೆ ಅದು ಗೊನೆಯಾಗುತ್ತದೆ. ನೆರಳು, ಅತಿ ನೀರು, ಅತಿ ಸಾರಜನಕ ಸಿಕ್ಕರೆ ಅದೇ ಮೊಳಕೆ ಕುಡಿಬಳ್ಳಿಯಾಗುತ್ತದೆ. ಅಕ್ಟೋಬರ್‌ನಲ್ಲಿ ನಾವು ನೋಡುವುದು ಮೇ, ಜೂನ್‌ನಲ್ಲಿ ಗಿಡ ಮಾಡಿಟ್ಟ ನಿರ್ಧಾರವನ್ನು ಮಾತ್ರ.

ರಾಸಾಯನಿಕ ಬಳಸುವವರಿಗೆ ನಂತರ ಸರಿಪಡಿಸಿಕೊಳ್ಳಲು ಒಂದೆರಡು ದಾರಿಗಳಿವೆ. ಬೆಳವಣಿಗೆ ಹತೋಟಿಗೆ ಒಂದು ಔಷಧ, ಕಣ್ಣು ಒಡೆಯಲು ಇನ್ನೊಂದು, ಕಾಯಿ ಉದ್ದವಾಗಲು ಮತ್ತೊಂದು. ಸಾವಯವ ಪಡದಲ್ಲಿ ಆ ದಾರಿಗಳು ಮುಚ್ಚಿವೆ. ಬಹುವಾರ್ಷಿಕ ಬೆಳೆಗೆ ಪ್ರಮಾಣಪತ್ರ ಸಿಗಲು ರಾಷ್ಟ್ರೀಯ ನಿಯಮದಂತೆ ಮೂರು ವರ್ಷಗಳ ಪರಿವರ್ತನಾ ಅವಧಿ ಬೇಕು. ಆ ಮೂರು ವರ್ಷಗಳಲ್ಲಿ ರೈತರು ಸೋಲುವುದು ರೋಗದಿಂದಲೇ ಎಂದು ಸಾಮಾನ್ಯ ನಂಬಿಕೆ. ನಾನು ಕಂಡಂತೆ ಹೆಚ್ಚಿನವರು ಸೋಲುವುದು ಹಣ್ಣಿಲ್ಲದ ಆರು ತಿಂಗಳು ಪಡದ ಕಡೆ ತಿರುಗಿಯೂ ನೋಡದೆ ಇರುವುದರಿಂದ.

ಹಾಗಾಗಿ ನನ್ನ ವರ್ಷ ಶುರುವಾಗುವುದು ಕೊಯ್ಲು ಮುಗಿದ ಮರುವಾರದಿಂದ. ಫಸಲು ಹೊತ್ತ ಗಿಡ ದಣಿದಿರುತ್ತದೆ. ಅದಕ್ಕೆ ಹದಿನೈದು ದಿನವಾದರೂ ವಿಶ್ರಾಂತಿ ಬೇಕು, ಹಾಗೆಂದು ನೀರನ್ನು ಪೂರ್ತಿ ನಿಲ್ಲಿಸಬಾರದು. ಬುಡದ ಎರಡೂ ಬದಿ ಕಾಲುವೆ ತೆಗೆದು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಬೇವಿನ ಹಿಂಡಿ ತುಂಬುತ್ತೇನೆ. ಕಳಿಯದ ಕೋಳಿ ಗೊಬ್ಬರವನ್ನು ಈ ಹೊತ್ತಿನಲ್ಲಿ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮೇಲೆ ಕಬ್ಬಿನ ರವದಿ (ಒಣ ಎಲೆ) ಹೊದಿಸಿದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹನಿ ನೀರು ಬೇರಿಗೆ ದಕ್ಕುತ್ತದೆ.

ಏಪ್ರಿಲ್ ಚಾಟ್ನಿಯಾದ ಮೇಲೆ ಒಂದು ಕಣ್ಣಿನಿಂದ ಎರಡು ಮೂರು ಚಿಗುರುಗಳು ಬರುತ್ತವೆ. ದುರ್ಬಲವಾದವನ್ನು ಐದು ಎಲೆಯ ಹಂತದಲ್ಲೇ ಮುರಿದು ಹಾಕಬೇಕು. ಕೈ ಹಿಂಜರಿಯುತ್ತದೆ, ಆದರೆ ಹಿಂಜರಿಯಬಾರದು. ಉಳಿದ ಚಿಗುರಿನಲ್ಲಿ ಏಳು ಎಲೆ ಬಿಟ್ಟು ತುದಿ ಚಿವುಟುತ್ತೇವೆ. ಚಿವುಟಿದ ಗಂಟಿನಿಂದ ಹೊಸ ಚಿಗುರು ಹೊರಟು ಸಬ್‌ಕೇನ್, ಅಂದರೆ ಉಪಕಡ್ಡಿ, ಆಗುತ್ತದೆ. ತುದಿಗೆ ಓಡುತ್ತಿದ್ದ ಆಹಾರ ಸ್ವಲ್ಪ ಕಾಲ ನಿಂತು ಕಣ್ಣುಗಳಿಗೆ ಇಳಿಯುವುದು ಇಲ್ಲಿಯೇ. ಗಂಟಿನ ಹತ್ತಿರದ ಕಣ್ಣುಗಳು ಹೆಚ್ಚು ಫಲ ಕೊಡುವುದೂ ಅದಕ್ಕೇ. ಕಡ್ಡಿ ಪೆನ್ಸಿಲ್ಲಿಗಿಂತ ತುಸು ದಪ್ಪ, 8ರಿಂದ 10 ಮಿಲಿಮೀಟರ್ ಇದ್ದರೆ ಸಾಕು. ಹೆಬ್ಬೆರಳಿನಷ್ಟು ದಪ್ಪದ ಕಡ್ಡಿ ಕಂಡು ಹಿಗ್ಗುವವರಿದ್ದಾರೆ, ಅದು ಸೊಕ್ಕಿದ ಕಡ್ಡಿ, ಗೊನೆ ಕೊಡುವುದು ಕಡಿಮೆ.

40ನೇ ದಿನದಿಂದ ನೀರನ್ನು ತುಸು ಬಿಗಿ ಹಿಡಿಯುತ್ತೇನೆ. ಮಧ್ಯಾಹ್ನ ಚಪ್ಪರದ ಅಡಿಯಲ್ಲಿ ನಿಂತು ನೆಲ ನೋಡುತ್ತೇನೆ. ಬಿಸಿಲಿನ ಚುಕ್ಕೆಗಳು ನೆಲದ ತುಂಬ ಚೆಲ್ಲಿರಬೇಕು. ಒಂದೇ ಸಮನೆ ನೆರಳಿದ್ದರೆ ಅಂದೇ ಎಲೆ, ಬಗಲು ಚಿಗುರು ತೆಗೆಸುತ್ತೇನೆ. ಇದಕ್ಕೆ ಯಾವ ಯಂತ್ರವೂ ಬೇಡ.

ಮಳೆಗಾಲದ್ದು ಸಣ್ಣ ಕೆಲಸ, ಆದರೆ ನಿತ್ಯದ ಕೆಲಸ. ಸಾಲುಗಳ ನಡುವೆ ಸೆಣಬು ಬಿತ್ತಿ ಹೂ ಬರುವ ಮುನ್ನ ಮಣ್ಣಿಗೆ ಸೇರಿಸುವುದು, ಎಳೆ ಚಿಗುರಿಗೆ ಬೀಳುವ ಚಿಬ್ಬು ರೋಗದ ಮೇಲೆ ಕಣ್ಣಿಡುವುದು, ಕಡ್ಡಿ ಹಸಿರಿನಿಂದ ಕಂದಾಗಿ ಬಲಿಯುವವರೆಗೆ ಎಲೆಗಳನ್ನು ಉಳಿಸಿಕೊಳ್ಳುವುದು. ಸೋಂಕು ತಗುಲಿದ ತುಂಡುಗಳನ್ನು ಪಡದಲ್ಲಿ ಬಿಡದೆ ಹೊರಗೆ ಸಾಗಿಸಬೇಕು.

ಅಕ್ಟೋಬರ್ ಚಾಟ್ನಿಯ ದಿನ ಗೊತ್ತು ಮಾಡುವುದು ಸಾವಯವ ಬೆಳೆಗಾರನಿಗೆ ವರ್ಷದ ಅತಿ ಕಠಿಣ ತೀರ್ಮಾನ. ನಮ್ಮಲ್ಲಿ ಹಸ್ತ, ಚಿತ್ತ ಮಳೆಗಳು ಬಿಳಿಜೋಳಕ್ಕೆ ಅಮೃತ. ಪಕ್ಕದ ಹೊಲದವರು ಆಕಾಶ ನೋಡಿ ಮಳೆ ಬೇಡಿಕೊಳ್ಳುವಾಗ ಪಡದವರು ಬೇಡವೆಂದು ಪ್ರಾರ್ಥಿಸುವ ದಿನಗಳವು. ಚಾಟ್ನಿಯ ನಂತರ ಚಿಗುರಿನಿಂದ ಹೂವಿನವರೆಗಿನ ಸುಮಾರು 40 ದಿನಗಳಲ್ಲಿ ಎಲೆ ಒದ್ದೆಯಾಗಿಯೇ ಉಳಿದರೆ ಡೌನಿ, ಅಂದರೆ ಬೂಜು ತುಪ್ಪಟ ರೋಗ, ಗೊನೆಯನ್ನೇ ಹಿಡಿಯುತ್ತದೆ. ಎಲೆಗೆ ಬಂದರೆ ತಡೆಯಬಹುದು. ಗೊನೆಗೆ ಹತ್ತಿದರೆ ಆ ಗೊನೆ ಹೋಯಿತೆಂದೇ ಲೆಕ್ಕ. ನಾನು ಅಕ್ಟೋಬರ್ 15ಕ್ಕಿಂತ ಮುಂಚೆ ಕತ್ತರಿ ಹಾಕುವುದಿಲ್ಲ. ಬೇಗ ಚಾಟ್ನಿ ಮಾಡಿದವರಿಗೆ ಬೇಗ ಬೆಲೆ ಸಿಗುತ್ತದೆ, ನಿಜ. ತಡ ಮಾಡಿದರೆ ಚಳಿಯಲ್ಲಿ ಕಾಯಿ ನಿಧಾನವಾಗಿ ಹಿಗ್ಗುತ್ತದೆ, ಕೊಯ್ಲು ಮಾರ್ಚ್‌ಗೆ ಜಾರಿ ಆಲಿಕಲ್ಲು, ಅಡ್ಡ ಮಳೆಯ ಭಯವೂ ಸೇರುತ್ತದೆ. ಎರಡು ಭಯಗಳಲ್ಲಿ ನಾನು ಎರಡನೆಯದನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ನನ್ನ ಹಣ್ಣು ಒಣದ್ರಾಕ್ಷಿಗೆ ಹೋಗುತ್ತದೆ, ಒಣಗಿಸಲು ಮಾರ್ಚ್‌ನ ಬಿಸಿಲೇ ಬೇಕು.

ಚಾಟ್ನಿಗೆ ಹದಿನೈದು ದಿನ ಮುಂಚೆ ನೀರು ತಡೆದು, ಕೈಯಿಂದ ಎಲೆ ಬಿಡಿಸಿದರೆ ಕಣ್ಣುಗಳು ಉಬ್ಬುತ್ತವೆ. ಬೇರೆಯವರು ಇಲ್ಲಿ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕದ ಪೇಸ್ಟ್ ಹಚ್ಚುತ್ತಾರೆ. ಕಣ್ಣುಗಳು ಒಟ್ಟಿಗೆ ಒಡೆಯುತ್ತವೆ ಎಂಬುದು ಸತ್ಯ. ಆದರೆ ಅದನ್ನು ಹಚ್ಚಿದ ಕೆಲಸಗಾರ ಸಂಜೆ ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ ಅಪಾಯಕ್ಕೆ ಸಿಲುಕುತ್ತಾನೆ. ಸಾವಯವ ಅಲ್ಲದ ಪಡದವರೂ ಕೈಗವಸು ಕೊಡದೆ ಈ ಕೆಲಸ ಮಾಡಿಸಬಾರದು. ನಮ್ಮ ಪಡದಲ್ಲಿ ಕಣ್ಣು ಒಡೆಯುವುದು ನಾಲ್ಕಾರು ದಿನ ಹಿಂದೆ ಮುಂದೆ ಆಗುತ್ತದೆ, ಕೊಯ್ಲನ್ನು ಎರಡು ಸುತ್ತಿನಲ್ಲಿ ಮಾಡುತ್ತೇವೆ.

ಚಿಗುರಿನಿಂದ ಹೂವಿನವರೆಗಿನ ಆ 40 ದಿನಗಳಲ್ಲಿ ಡೌನಿ ತಡೆಯಲು ನಮ್ಮ ಆಧಾರ ಬೋರ್ಡೊ ದ್ರಾವಣ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಳಿದ ಗಿಡಗಳಿಗೆ ರೋಗ ತಗುಲದಿರುವುದನ್ನು ಕಂಡು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ರೂಪಿಸಿದರು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಆ ದ್ರಾವಣ ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಸೇರಿಸಿ. ಅಂದು ಕಲಸಿದ್ದನ್ನು ಅಂದೇ ಮುಗಿಸಿ. ಚಾಟ್ನಿಯ ಗಾಯಗಳಿಗೆ ಶೇ 1, ಎಳೆ ಚಿಗುರಿಗೆ ಅದರ ಅರ್ಧ.

ಸಾವಯವ ಎಂದ ಮಾತ್ರಕ್ಕೆ ತಾಮ್ರವನ್ನು ಮನಬಂದಂತೆ ಸಿಂಪಡಿಸುವವರ ಮೇಲೆ ನನಗೆ ಸಿಟ್ಟಿದೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಶೇಖರವಾಗಿ ಎರೆಹುಳುವನ್ನು ಕೊಲ್ಲುತ್ತದೆ. ಯುರೋಪಿನ ಒಕ್ಕೂಟ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕೆ.ಜಿ.ಯ ಮಿತಿ ಹಾಕಿದೆ. ಸರಾಸರಿ ವರ್ಷಕ್ಕೆ 4 ಕೆ.ಜಿ. ಎಂದರೆ ಎಕರೆಗೆ 1.6 ಕೆ.ಜಿ. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲು ಭಾಗ. ಎಕರೆಗೆ 200 ಲೀಟರ್‌ನಂತೆ ಶೇ 1ರ ದ್ರಾವಣವನ್ನು ಮೂರು ಸಲ ಹೊಡೆದರೆ ಒಂದೂವರೆ ಕೆ.ಜಿ. ಮುಗಿಯಿತು. ಪ್ರತಿ ಸಿಂಪಡಣೆಯನ್ನೂ ನಾನು ಡೈರಿಯಲ್ಲಿ ಬರೆಯುತ್ತೇನೆ.

ಡಿಸೆಂಬರ್ ಒಣಹವೆಯಲ್ಲಿ ಡೌನಿ ಹಿಂದೆ ಸರಿದು ಬೂದಿ ರೋಗ ಬರುತ್ತದೆ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ, ಬಿಸಿಲೇರುವ ಮುನ್ನ. ಹಿಟ್ಟು ತಿಗಣೆಗೆ ನಿಜವಾದ ಮದ್ದು ಏಪ್ರಿಲ್‌ನಲ್ಲೇ ಇದೆ: ಕಾಂಡದ ಸಡಿಲ ತೊಗಟೆ ಸುಲಿದು, ಅದು ಅಡಗುವ ಜಾಗವನ್ನೇ ಇಲ್ಲವಾಗಿಸುವುದು. ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವನ್ನು ಬಿಡುವವರು ಮೊದಲು ಇರುವೆಗಳನ್ನು ತಡೆಯಿರಿ, ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅದರ ಕಾವಲಿಗೆ ನಿಲ್ಲುತ್ತವೆ.

ಹಣ್ಣಿನಲ್ಲಿ ಸಕ್ಕರೆ 22 ಬ್ರಿಕ್ಸ್ (ರಸದ ಸಿಹಿ ಅಳೆಯುವ ಮಾನ) ದಾಟಿದ ಮೇಲೆ ಕೊಯ್ಲು. ನಾಲ್ಕು ಕೆ.ಜಿ. ಹಣ್ಣಿಗೆ ಸುಮಾರು ಒಂದು ಕೆ.ಜಿ. ಒಣದ್ರಾಕ್ಷಿ. ಗಂಧಕದ ಹೊಗೆ ಹಾಕದ ನಮ್ಮ ಮಾಲು ಕಂದಾಗಿಯೇ ಇರುತ್ತದೆ. ಹಸಿರು, ಹಳದಿ ಬಣ್ಣಕ್ಕೆ ಬೆಲೆ ಕಟ್ಟುವ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಯಲ್ಲಿ ಅದಕ್ಕೆ ತಕ್ಕ ಬೆಲೆ ಬರುವುದಿಲ್ಲ. ಸಾವಯವ ಕೊಳ್ಳುವವರನ್ನು ಕೊಯ್ಲಿಗೆ ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು.

ಆ ಯುವ ರೈತರು ಪಡ ಕೀಳಲಿಲ್ಲ. ಈ ಏಪ್ರಿಲ್‌ನಲ್ಲಿ ಕೋಳಿ ಗೊಬ್ಬರ ಬಿಟ್ಟರು, ಚಿಗುರು ಎಣಿಸಿ ಉಳಿಸಿದರು. 45ನೇ ದಿನ ಇಬ್ಬರೂ ಚಪ್ಪರದಡಿ ನಿಂತು ಬಿಸಿಲಿನ ಚುಕ್ಕೆಗಳನ್ನು ನೋಡಿದೆವು. ಕಳೆದ ವಾರ ಐದಾರು ಗಿಡಗಳಿಂದ ಕಡ್ಡಿ ಕತ್ತರಿಸಿ ತಂದು ಕಣ್ಣುಗಳನ್ನು ಸೀಳಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟೆ. ಹೆಚ್ಚಿನ ಕಡ್ಡಿಗಳಲ್ಲಿ ಗಂಟಿನ ಹತ್ತಿರದ ಎರಡು ಕಣ್ಣುಗಳಲ್ಲಿ ಗೊನೆ ಕಂಡಿತು. ಅವೆರಡನ್ನು ದಾಟಿ ಇನ್ನೊಂದು ಕಣ್ಣು ಬಿಟ್ಟು ಕತ್ತರಿ ಇಡಿ, ಚಿತ್ತ ಮಳೆ ಹೇಗೆ ಬರುತ್ತದೆಂದು ನೋಡಿಕೊಂಡು ದಿನ ಗೊತ್ತು ಮಾಡೋಣ ಎಂದು ಅವರಿಗೆ ಹೇಳಿದ್ದೇನೆ.